ಇಪ್ಪತ್ಮೂರು ಮಕ್ಕಳ ಶಾಲೆ: ಯಾವ ಕಾರ್ಯಕ್ರಮದಿಂದ ಮಕ್ಕಳು ಕಲಿಯುತ್ತಿದ್ದಾರೆ ಎಂದು ತಿಳಿಯುವುದು ಹೇಗೆ?

ಪ್ರಶ್ನೆ: ಪ್ರಭಾರ ಮುಖ್ಯಶಿಕ್ಷಕಿ, ಶಿವಮೊಗ್ಗ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ಮಲೆನಾಡಿನ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಹೊಣೆ ಎರಡು ವರ್ಷಗಳಿಂದ ನನ್ನ ಮೇಲಿದೆ. ಒಂದರಿಂದ ಐದನೆಯ ತರಗತಿಯವರೆಗೆ 23 ಮಕ್ಕಳು, ಇಬ್ಬರು ಶಿಕ್ಷಕರು. ಒಂದು, ಎರಡು ಮತ್ತು ಮೂರನೆಯ ತರಗತಿಯ 14 ಮಕ್ಕಳು ನಲಿ-ಕಲಿ (ಕಾರ್ಡು, ಚಟುವಟಿಕೆಗಳ ಮೂಲಕ ಮಗು ತನ್ನ ವೇಗದಲ್ಲಿ ಕಲಿಯುವ ಪದ್ಧತಿ) ಕೊಠಡಿಯಲ್ಲಿ ನನ್ನ ಸಹೋದ್ಯೋಗಿಯ ಬಳಿ ಕಲಿಯುತ್ತಾರೆ. ನಾಲ್ಕು ಮತ್ತು ಐದನೆಯ ತರಗತಿಯ 9 ಮಕ್ಕಳಿಗೆ ನಾನು ಪಾಠ ಮಾಡುತ್ತೇನೆ.

ಶಾಲೆಯಲ್ಲಿ ಕಾರ್ಯಕ್ರಮಗಳಿಗೆ ಕೊರತೆಯಿಲ್ಲ. ಪ್ರಾರ್ಥನೆ ಮುಗಿದ ಮೇಲೆ ಅರ್ಧ ಗಂಟೆ ಓದು, ವಾರಕ್ಕೆ ಎರಡು ದಿನ ಗಣಿತದ ಕಿಟ್ ಬಳಸಿ ಚಟುವಟಿಕೆ, ಶನಿವಾರ ಗ್ರಂಥಾಲಯದ ಅವಧಿ, ಹಿಂದುಳಿದವರಿಗೆ ಸಂಜೆ ಪರಿಹಾರ ಬೋಧನೆ, ಇವುಗಳ ಜೊತೆಗೆ ಕೈತೋಟ. ದಾಖಲೆಗಳಿಗೂ ಕೊರತೆಯಿಲ್ಲ. ಹಾಜರಾತಿ ಮತ್ತು ಅಂಕಗಳು ಇಲಾಖೆಯ ಆನ್‌ಲೈನ್ ದಾಖಲೆಯಾದ ಸ್ಯಾಟ್ಸ್‌ಗೆ ಹೋಗುತ್ತವೆ, ಬಿಸಿಯೂಟದ ಲೆಕ್ಕ ದಿನವೂ ಹೋಗುತ್ತದೆ, ಶಾಲೆಯ ಅಂಕಿಅಂಶಗಳ ಯುಡೈಸ್ ನಮೂನೆಯನ್ನು ವರ್ಷಕ್ಕೊಮ್ಮೆ ತುಂಬುತ್ತೇವೆ. ಇಷ್ಟೆಲ್ಲ ಬರೆದಿಟ್ಟರೂ, ಕಳೆದ ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ತಾಯಿಯೊಬ್ಬರು "ಬೆಳಗ್ಗೆ ಅರ್ಧ ಗಂಟೆ ಓದಿಸುತ್ತೀರಲ್ಲ ಮೇಡಂ, ಅದರಿಂದ ಮಕ್ಕಳಿಗೆ ಏನಾಯಿತು?" ಎಂದು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಅವರು ಆಕ್ಷೇಪಿಸಲು ಕೇಳಿದ್ದಲ್ಲ, ನಿಜವಾಗಿಯೂ ತಿಳಿಯಬೇಕೆಂದು ಕೇಳಿದ್ದರು. ಆ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಅಂಕಗಳನ್ನು ನೋಡಿದರೆ ಗೊಂದಲ ಇನ್ನೂ ಹೆಚ್ಚುತ್ತದೆ. ನಾಲ್ಕನೆಯ ತರಗತಿಯಲ್ಲಿ ನಾಲ್ಕೇ ಮಕ್ಕಳು. ವರ್ಷದ ನಡುವೆ ನಡೆಯುವ ಒಂದು ರೂಪಣಾತ್ಮಕ ಮೌಲ್ಯಮಾಪನದಲ್ಲಿ ಕನ್ನಡದ ಸರಾಸರಿ ಶೇ 71 ಇದ್ದದ್ದು ಮುಂದಿನದರಲ್ಲಿ ಶೇ 64ಕ್ಕೆ ಇಳಿಯಿತು. ಓದಿನ ಕಾರ್ಯಕ್ರಮ ಸೋತಿತು ಎಂದು ತಿಳಿಯಬೇಕೇ, ಅಥವಾ ಆ ವಾರ ಜ್ವರದಿಂದ ಎದ್ದು ಬಂದಿದ್ದ ಒಂದು ಮಗುವಿನ ಉತ್ತರ ಪತ್ರಿಕೆಯೇ ಇದಕ್ಕೆ ಕಾರಣವೇ? ಈ ವರ್ಷದ ಶಾಲಾ ಅಭಿವೃದ್ಧಿ ಯೋಜನೆ ಬರೆಯುವ ಮೊದಲು, ಯಾವುದನ್ನು ಮುಂದುವರಿಸಬೇಕು, ಯಾವುದನ್ನು ತಿದ್ದಬೇಕು, ಯಾವುದನ್ನು ನಿಲ್ಲಿಸಬೇಕು ಎಂಬುದನ್ನು ಅಂದಾಜಿನ ಮೇಲಲ್ಲದೆ ತಿಳಿದು ನಿರ್ಧರಿಸಬೇಕೆಂಬ ಆಸೆ ನನ್ನದು. ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಪಾಠದ ಸಮಯ ತಿನ್ನದ ಕ್ರಮವೊಂದಿದ್ದರೆ ದಯವಿಟ್ಟು ತಿಳಿಸಿ.

ಉತ್ತರ: ನಿವೃತ್ತ ಸಮೂಹ ಸಂಪನ್ಮೂಲ ವ್ಯಕ್ತಿ (ಸುತ್ತಲಿನ ಶಾಲೆಗಳಿಗೆ ಭೇಟಿ ಕೊಟ್ಟು ಶಿಕ್ಷಕರಿಗೆ ನೆರವಾಗುವವರು), ಮೈಸೂರು ಜಿಲ್ಲೆ

ನಿಮ್ಮ ಪ್ರಶ್ನೆಯನ್ನು ಎರಡು ಬಾರಿ ಓದಿದೆ. ನಾಲ್ಕು ಮಕ್ಕಳ ಸರಾಸರಿಯ ಬಗ್ಗೆ ನಿಮಗೆ ಬಂದ ಅನುಮಾನ ಸರಿಯಾದದ್ದೇ. ನಾಲ್ವರ ತರಗತಿಯಲ್ಲಿ ಒಂದು ಮಗು ಎಂದರೆ ಶೇ 25. ದೊಡ್ಡ ಶಾಲೆಗೆ ಅರ್ಥ ಕೊಡುವ ಶೇಕಡಾವಾರು ನಿಮ್ಮ ಶಾಲೆಗೆ ಯಾವ ಅರ್ಥವನ್ನೂ ಕೊಡುವುದಿಲ್ಲ. ಆದರೆ ದೊಡ್ಡ ಶಾಲೆಗೆ ಇಲ್ಲದ ಅನುಕೂಲವೊಂದು ನಿಮಗಿದೆ. ನೀವು 23 ಮಕ್ಕಳನ್ನೂ ಹೆಸರು ಹಿಡಿದು ನೋಡಬಹುದು. ಆದ್ದರಿಂದ ನನ್ನ ಮೊದಲ ಸಲಹೆ ಏನೆಂದರೆ, ಇಲಾಖೆಗೆ ಕಳುಹಿಸಬೇಕಾದ ಶೇಕಡಾವಾರನ್ನು ಕಳುಹಿಸಿ, ನಿಮ್ಮ ಸ್ವಂತ ತೀರ್ಮಾನಕ್ಕೆ ಮಾತ್ರ ಅದನ್ನು ಬಳಸಬೇಡಿ. ಅದಕ್ಕಾಗಿ ಒಂದೇ ಹಾಳೆಯಲ್ಲಿ 23 ಹೆಸರುಗಳನ್ನು ಬರೆದಿಟ್ಟುಕೊಳ್ಳಿ.

ಹೆಸರುವಾರು ನೋಡುವ ಈ ಕ್ರಮ ಹೊಸದೇನಲ್ಲ. 1995ರಲ್ಲಿ ನಮ್ಮ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ನಲಿ-ಕಲಿ ಆರಂಭವಾದಾಗ, ಆಂಧ್ರಪ್ರದೇಶದ ಋಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದ ಶಿಕ್ಷಕರೇ ಕೂತು ಕಾರ್ಡುಗಳನ್ನೂ ಕಲಿಕೆಯ ಮೈಲುಗಲ್ಲುಗಳನ್ನು ಹಂತ ಹಂತವಾಗಿ ಜೋಡಿಸಿದ ಕಲಿಕಾ ಏಣಿಯನ್ನೂ ರಚಿಸಿದ್ದರು. ಆ ಏಣಿಯ ಹೆಚ್ಚುಗಾರಿಕೆ ಏನೆಂದರೆ ಮಗು ಇಂದು ಯಾವ ಮೈಲುಗಲ್ಲಿನಲ್ಲಿದೆ ಎಂಬುದನ್ನು ಪರೀಕ್ಷೆಯಿಲ್ಲದೆಯೇ ಅದು ತೋರಿಸುತ್ತದೆ. ನಾಲ್ಕು ದಿನ ಶಾಲೆಗೆ ಬಾರದ ಮಗು ಮರಳಿ ಬಂದಾಗ ತಾನು ಬಿಟ್ಟ ಕಾರ್ಡಿನಿಂದಲೇ ಮುಂದುವರಿಯುತ್ತದೆ. ಎಂದರೆ ಮೇಲ್ವಿಚಾರಣೆ ಬೋಧನೆಯ ಒಳಗೇ ಸೇರಿಕೊಂಡಿತ್ತು, ಹೊರಗಿನಿಂದ ಹೇರಿದ ಕೆಲಸವಾಗಿರಲಿಲ್ಲ. 2009-10ರಲ್ಲಿ ಅದು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೆ ವಿಸ್ತರಿಸಿತು. ನಾನು ಸಂದರ್ಶಿಸುತ್ತಿದ್ದ ಶಾಲೆಗಳಲ್ಲಿ ಕಂಡ ದೊಡ್ಡ ಬಿರುಕು ಇದ್ದದ್ದು ಮೂರನೆಯ ತರಗತಿಯ ಕೊನೆಯಲ್ಲಿ. ಏಣಿ ಅಲ್ಲಿಗೆ ಮುಗಿಯುತ್ತದೆ. ಮಗು ನಾಲ್ಕನೆಯ ತರಗತಿಗೆ ಬಂದು ಪಠ್ಯಪುಸ್ತಕ ಹಿಡಿದ ದಿನ, ಆ ಮಗುವಿನ ಬಗ್ಗೆ ನಲಿ-ಕಲಿ ಶಿಕ್ಷಕರಿಗಿದ್ದ ತಿಳಿವಳಿಕೆಯೆಲ್ಲ ಹಿಂದಿನ ಕೊಠಡಿಯಲ್ಲೇ ಉಳಿದುಬಿಡುತ್ತದೆ. ನಿಮ್ಮ ಶಾಲೆಯಲ್ಲಿ ಆ ಎರಡು ಕೊಠಡಿಗಳ ನಡುವೆ ಒಂದೇ ಗೋಡೆ. ಮೊದಲು ಅಲ್ಲಿಂದಲೇ ಆರಂಭಿಸಿ. ನಿಮ್ಮ ಸಹೋದ್ಯೋಗಿಯ ಜೊತೆ ಒಂದು ಸಂಜೆ ಕುಳಿತು, ನಾಲ್ಕನೆಯ ತರಗತಿಯ ಪ್ರತಿ ಮಗುವೂ ಮೂರನೆಯದರ ಕೊನೆಗೆ ಯಾವ ಮೈಲುಗಲ್ಲು ಮುಟ್ಟಿತ್ತು, ಯಾವುದರಲ್ಲಿ ಬಹಳ ದಿನ ನಿಂತಿತ್ತು ಎಂದು ಕೇಳಿ ಬರೆದುಕೊಳ್ಳಿ.

ಎರಡನೆಯದು, ಓದಿಸಿ ನೋಡುವುದು. 2005ರಿಂದ ಗ್ರಾಮೀಣ ಭಾರತದಲ್ಲಿ ನಡೆಯುತ್ತಿರುವ, ಮನೆಮನೆಗೆ ಹೋಗಿ ಮಕ್ಕಳ ಓದು ಮತ್ತು ಲೆಕ್ಕದ ಮಟ್ಟ ನೋಡುವ ಅಸರ್ ಸಮೀಕ್ಷೆಯ ಓದಿನ ಸಾಧನ ಬಹಳ ಸರಳವಾದದ್ದು. ಮಗುವಿಗೆ ಮೊದಲು ಒಂದನೆಯ ತರಗತಿ ಮಟ್ಟದ ಸಣ್ಣ ಪ್ಯಾರಾ ಕೊಡುತ್ತಾರೆ. ಸರಾಗವಾಗಿ ಓದಿದರೆ ಎರಡನೆಯ ತರಗತಿ ಮಟ್ಟದ ಕಥೆ, ಓದದಿದ್ದರೆ ಐದು ಪದಗಳು, ಅದೂ ಆಗದಿದ್ದರೆ ಐದು ಅಕ್ಷರಗಳು. ಐದರಲ್ಲಿ ನಾಲ್ಕು ಸರಿಯಾದರೆ ಮಗು ಆ ಮಟ್ಟದಲ್ಲಿದೆ ಎಂದು ಅರ್ಥ. ಒಬ್ಬರಿಗೆ ನಾಲ್ಕು ನಿಮಿಷ ಸಾಕು. ಒಂಬತ್ತು ಮಕ್ಕಳಿಗೆ 36 ನಿಮಿಷ. ಇಡೀ ಶಾಲೆಗೆ ಮಾಡಿದರೂ ಒಂದೂವರೆ ಗಂಟೆ, ಅದನ್ನು ಮೂರು ದಿನಗಳಿಗೆ ಹಂಚಿಕೊಳ್ಳಬಹುದು. ಇದನ್ನು ಆರೇಳು ವಾರಕ್ಕೊಮ್ಮೆ ಮಾಡಿ. ಪ್ರತಿ ಸಲವೂ ಹೊಸ ಪ್ಯಾರಾ ಇರಲಿ, ಕಷ್ಟದ ಮಟ್ಟ ಮಾತ್ರ ಅದೇ ಇರಲಿ. ಹಳೆಯ ಪ್ಯಾರಾ ಮಕ್ಕಳ ಬಾಯಿಗೆ ಬಂದುಬಿಟ್ಟಿರುತ್ತದೆ. ಸಾಧ್ಯವಾದರೆ ನಿಮ್ಮ ಮಕ್ಕಳನ್ನು ಸಹೋದ್ಯೋಗಿ ಓದಿಸಲಿ, ಅವರ ಮಕ್ಕಳನ್ನು ನೀವು ಓದಿಸಿ. ನಮ್ಮ ಮಕ್ಕಳು ತಡವರಿಸಿದಾಗ ನಮ್ಮ ತುಟಿಯೇ ಅಲುಗುತ್ತದೆ, ಅದು ಪ್ರೀತಿಯಿಂದ ಆಗುವಂಥದ್ದು, ಆದರೂ ಅಳತೆ ಕೆಡುತ್ತದೆ.

ಮಟ್ಟ ಗುರುತಿಸಿ ಅಲ್ಲಿಗೇ ನಿಲ್ಲಿಸಬೇಡಿ. ಮಗು ಎಲ್ಲಿ ತಪ್ಪಿತು ಎಂಬುದನ್ನು ಅದೇ ಹಾಳೆಯಲ್ಲಿ ಗುರುತು ಮಾಡಿ, ಏಕೆಂದರೆ ಕನ್ನಡ ಓದಿನಲ್ಲಿ ತಪ್ಪುಗಳು ಒಂದೊಂದು ಕಡೆ ಗುಂಪು ಕಟ್ಟಿರುತ್ತವೆ. ಮೂಲಾಕ್ಷರಗಳೆಲ್ಲ ಬಂದು ಗುಣಿತಾಕ್ಷರದ ದೀರ್ಘದಲ್ಲಿ ಎಡವುವ ಮಗು 'ಬೇಳೆ'ಯನ್ನು 'ಬೆಳೆ' ಎಂದೂ 'ಕೋಡು' ಎಂಬುದನ್ನು 'ಕೊಡು' ಎಂದೂ ಓದುತ್ತದೆ. ಇನ್ನೊಂದು ಮಗು ದೀರ್ಘವನ್ನು ಸರಿಯಾಗಿ ಓದಿ, 'ಅಕ್ಕ', 'ಹಣ್ಣು' ಎಂಬ ಸಜಾತೀಯ ಒತ್ತುಗಳನ್ನೂ ದಾಟಿ, 'ಪುಸ್ತಕ', 'ಸೂರ್ಯ' ಎಂಬಲ್ಲಿ ನಿಂತುಬಿಡುತ್ತದೆ. ಅಂಕಪಟ್ಟಿಯಲ್ಲಿ ಇಬ್ಬರೂ ಒಂದೇ ಸಾಲಿನಲ್ಲಿ ಕಾಣುತ್ತಾರೆ, ನಾಳೆ ಬೆಳಗ್ಗೆ ಅವರಿಗೆ ಬೇಕಾದ ಪಾಠ ಮಾತ್ರ ಬೇರೆ ಬೇರೆ. ಲೆಕ್ಕದಲ್ಲಿಯೂ ಹೀಗೆಯೇ. 52ರಲ್ಲಿ 27 ಕಳೆ ಎಂದರೆ 35 ಎಂದು ಬರೆಯುವ ಮಗು ಅಜಾಗರೂಕತೆಯಿಂದ ತಪ್ಪಿಲ್ಲ. ಬಿಡಿ ಸ್ಥಾನದಲ್ಲಿ ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕೆಂದು ತಾನೇ ನಿಯಮ ಮಾಡಿಕೊಂಡು ಅದನ್ನು ನಿಷ್ಠೆಯಿಂದ ಪಾಲಿಸುತ್ತಿದೆ. ಒಂಬತ್ತರಲ್ಲಿ ಐದಾರು ಮಕ್ಕಳು ಅದೇ ತಪ್ಪು ಮಾಡಿದರೆ ಪರಿಹಾರ ಬೋಧನೆ ಬೇಕಾಗಿರುವುದು ಮಕ್ಕಳಿಗಲ್ಲ, ಹತ್ತಿನ ಕಟ್ಟು ಬಿಡಿಸಿ ತೋರಿಸುವ ನಮ್ಮ ಪಾಠವನ್ನೇ ಮತ್ತೊಮ್ಮೆ ಕಟ್ಟಬೇಕು.

ಇನ್ನು ನಿಮ್ಮ ಮೂಲ ಪ್ರಶ್ನೆಗೆ ಬರುತ್ತೇನೆ. ಬೆಳಗಿನ ಓದಿನಿಂದ ಫಲ ಬಂದಿದೆಯೇ ಎಂದು ಕೇಳುವ ಮೊದಲು, ಅದು ನಿಜವಾಗಿಯೂ ಎಷ್ಟು ದಿನ ನಡೆದಿದೆ ಎಂದು ಎಣಿಸಿ ನೋಡಿದ್ದೀರಾ? ಶಿಕ್ಷಣ ಹಕ್ಕು ಕಾಯ್ದೆ ಒಂದರಿಂದ ಐದನೆಯ ತರಗತಿಗೆ ವರ್ಷಕ್ಕೆ ಕನಿಷ್ಠ 200 ಕೆಲಸದ ದಿನ, 800 ಬೋಧನಾ ಗಂಟೆ ಎಂದು ನಿಗದಿ ಮಾಡಿದೆ. ಆ 200 ದಿನಗಳಲ್ಲಿ ಎಷ್ಟು ದಿನ ಆ ಅರ್ಧ ಗಂಟೆ ಓದಿಗೇ ದಕ್ಕಿತು? ಕಾರ್ಯಕ್ರಮ ಸೋತಿತು ಎಂದು ಕೈಬಿಟ್ಟ ಎಷ್ಟೋ ಕಡೆ ಅದು ನಡೆದೇ ಇರಲಿಲ್ಲ ಎಂಬುದನ್ನು ನಾನು ಕಂಡಿದ್ದೇನೆ. ಗೋಡೆಗೆ ಒಂದು ಕ್ಯಾಲೆಂಡರ್ ಹಾಕಿ, ಓದು ಪೂರ್ತಿ ನಡೆದ ದಿನ ಮಾತ್ರ ಐದನೆಯ ತರಗತಿಯ ಮಗುವೊಂದು ಗುರುತು ಹಾಕಲಿ. ಅದಕ್ಕಿಂತ ಹೆಚ್ಚಿನ ವಹಿ ಬೇಡ.

ಐದು ಕಾರ್ಯಕ್ರಮಗಳನ್ನೂ ಒಟ್ಟಿಗೆ ಅಳೆಯಲು ಹೋಗಬೇಡಿ. ಎರಡು ತಿಂಗಳಿಗೆ ಒಂದನ್ನೇ ಹಿಡಿಯಿರಿ, ಅದರಲ್ಲಿ ಒಂದೇ ಬದಲಾವಣೆ ಮಾಡಿ, ಮತ್ತೆ ಓದಿಸಿ ನೋಡಿ. ಮೂರನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ಹೇಳಲು ಬರುವುದಿಲ್ಲ.

ಉತ್ತರ: ತಾಂಡಾ (ಲಂಬಾಣಿ ಜನರ ಊರು) ಶಾಲೆಯ ಶಿಕ್ಷಕ, ಯಾದಗಿರಿ ಜಿಲ್ಲೆ

ಹಿರಿಯರು ಹೇಳಿದ್ದನ್ನು ಒಪ್ಪುತ್ತೇನೆ, ಹಾಜರಾತಿಯ ಬಗ್ಗೆ ಒಂದು ಮಾತನ್ನು ಸೇರಿಸಬೇಕು. ನಿಮ್ಮ ಶಾಲೆಯ ಸರಾಸರಿ ಹಾಜರಾತಿ ಶೇ 88 ಎಂದು ಇಟ್ಟುಕೊಳ್ಳಿ. ತಿಂಗಳಿಗೆ 24 ದಿನದಂತೆ 23 ಮಕ್ಕಳಿಗೆ ಒಟ್ಟು 552 ಹಾಜರಿ ಬರಬೇಕು. ಅದರಲ್ಲಿ ಸುಮಾರು 66 ಗೈರು. ಆ 66 ಗೈರನ್ನು 23 ಮಕ್ಕಳೂ ಹಂಚಿಕೊಂಡಿದ್ದರೆ ಒಬ್ಬೊಬ್ಬರಿಗೆ ಮೂರು ದಿನ ಬರುತ್ತದೆ, ಅದು ಚಿಂತಿಸುವಂಥದ್ದಲ್ಲ. ಅದೇ 66ರಲ್ಲಿ 40 ಇಬ್ಬರದೇ ಆಗಿದ್ದರೆ, ಆ ಇಬ್ಬರು ಆ ತಿಂಗಳು ಶಾಲೆಯಲ್ಲಿ ಇರಲೇ ಇಲ್ಲ. ಎರಡೂ ಸಂದರ್ಭದಲ್ಲಿ ವರದಿಯಲ್ಲಿ ಕಾಣುವುದು ಶೇ 88. ಆದ್ದರಿಂದ ತಿಂಗಳ ಕೊನೆಯಲ್ಲಿ ಸರಾಸರಿ ತೆಗೆಯುವುದರ ಜೊತೆಗೆ, ಐದು ದಿನಕ್ಕಿಂತ ಹೆಚ್ಚು ಬಾರದವರ ಹೆಸರು ಮತ್ತು ಅದಕ್ಕೆ ಕಾರಣವನ್ನು ಒಂದು ಸಾಲಿನಲ್ಲಿ ಬರೆದುಕೊಳ್ಳಿ.

ನಮ್ಮಲ್ಲಿ ಆ ಕಾರಣ ಬಹುತೇಕ ವಲಸೆಯೇ. ದೀಪಾವಳಿ ಮುಗಿಯುತ್ತಿದ್ದಂತೆ ತಾಂಡಾದ ಕುಟುಂಬಗಳು ಕಬ್ಬು ಕಡಿಯಲು ಮಹಾರಾಷ್ಟ್ರದ ಕಡೆಗೆ, ಕಟ್ಟಡದ ಕೆಲಸಕ್ಕೆ ಪುಣೆ, ಮುಂಬಯಿ, ಬೆಂಗಳೂರಿಗೆ ಹೊರಡುತ್ತವೆ. ಅನೇಕರು ಮರಳುವುದು ಯುಗಾದಿಯ ಆಸುಪಾಸಿಗೆ. ಅಜ್ಜ ಅಜ್ಜಿ ಊರಿನಲ್ಲಿದ್ದರೆ ಮಕ್ಕಳು ಉಳಿಯುತ್ತಾರೆ, ಇಲ್ಲದಿದ್ದರೆ ಹೋಗುತ್ತಾರೆ. ಮೊದಲೆಲ್ಲ ನಾನು ಮಾರ್ಚಿಯಲ್ಲಿ ಮರಳಿ ಬಂದ ಮಗುವನ್ನು ಅದರ ತರಗತಿಯಲ್ಲಿ ಕೂರಿಸಿ ಪಾಠ ಮುಂದುವರಿಸುತ್ತಿದ್ದೆ. ಈಗ ಅಕ್ಟೋಬರ್ ಮಧ್ಯದಲ್ಲಿಯೇ, ಹೋಗುವ ಸಾಧ್ಯತೆಯಿರುವ ಮಕ್ಕಳನ್ನು ಓದಿಸಿ ನೋಡಿ, ಮಗು ಎಲ್ಲಿಯವರೆಗೆ ಬಂದಿದೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಒಂದು ಪ್ರತಿಯನ್ನು ತಂದೆ ತಾಯಿಯ ಕೈಗೆ ಕೊಡುತ್ತೇನೆ, ಇನ್ನೊಂದನ್ನು ನನ್ನ ಬಳಿ ಇಟ್ಟುಕೊಳ್ಳುತ್ತೇನೆ. ಮಗು ಮರಳಿ ಬಂದ ದಿನ ಮತ್ತೆ ಓದಿಸಿದರೆ ಎಷ್ಟು ಉಳಿದಿದೆ, ಎಷ್ಟು ಅಳಿಸಿಹೋಗಿದೆ ಎಂಬುದು ಅಂದೇ ತಿಳಿಯುತ್ತದೆ. ನಿಮ್ಮ ಕಡೆ ವಲಸೆಯ ಬದಲು ಮಳೆ ಇರಬಹುದು, ಅಡಿಕೆ ಕೊಯ್ಲಿರಬಹುದು. ಕಾರಣ ಯಾವುದಾದರೂ ಅದು ಪ್ರತಿ ವರ್ಷ ಅದೇ ತಿಂಗಳಲ್ಲಿ ಬರುತ್ತದೆಯಾದ್ದರಿಂದ, ಅದಕ್ಕೆ ಮೊದಲೊಮ್ಮೆ, ಆಮೇಲೊಮ್ಮೆ ಅಳೆಯುವಂತೆ ನಿಮ್ಮ ಆರೇಳು ವಾರಗಳ ಲೆಕ್ಕವನ್ನು ಹೊಂದಿಸಿಕೊಳ್ಳಿ.

ಇನ್ನೊಂದು ವಿಷಯ ನನ್ನ ಮನಸ್ಸಿಗೆ ಬಹಳ ಹತ್ತಿರವಾದದ್ದು. ನಮ್ಮ ಮಕ್ಕಳ ಮನೆಮಾತು ಗೋರಮಾಟಿ, ಎಂದರೆ ಲಂಬಾಣಿ ಭಾಷೆ. ಒಂದನೆಯ ತರಗತಿಯ ಮಗು ಕನ್ನಡದ ಕಾರ್ಡಿನ ಮುಂದೆ ಸುಮ್ಮನೆ ಕುಳಿತರೆ ಅದಕ್ಕೆ ಅಕ್ಷರ ತಿಳಿಯುತ್ತಿಲ್ಲವೋ, ಚಿತ್ರದಲ್ಲಿರುವ ವಸ್ತುವಿನ ಕನ್ನಡ ಹೆಸರು ಗೊತ್ತಿಲ್ಲವೋ ಎಂದು ಹೇಳುವುದು ಕಷ್ಟ. ನಲಿ-ಕಲಿ ವರ್ಣಮಾಲೆಯ ಕ್ರಮ ಬಿಟ್ಟು 'ರ, ಗ, ಸ, ದ, ಅ' ಎಂಬ ಅಕ್ಷರಗಳಿಂದ ಶುರುವಾಗುವುದರಿಂದ ಮೊದಲ ವಾರಗಳಲ್ಲೇ 'ಸರ', 'ಅರಸ', 'ಅಗಸ' ಎಂಬ ಪದಗಳನ್ನು ಕಟ್ಟಲು ಸಾಧ್ಯವಾಗುತ್ತದೆ. ಕನ್ನಡ ಮನೆಮಾತಿನ ಮಗುವಿಗೆ ಅದು ದೊಡ್ಡ ಉತ್ಸಾಹ. ನಮ್ಮ ಮಗು 'ಅಗಸ' ಎಂದು ಸ್ಪಷ್ಟವಾಗಿ ಓದಿ, ಹಾಗೆಂದರೆ ಯಾರು ಎಂದು ತಿಳಿಯದೆ ನನ್ನ ಮುಖ ನೋಡುತ್ತದೆ. ಅದಕ್ಕಾಗಿ ನನ್ನ ಹಾಳೆಯಲ್ಲಿ ಓದಿಗೆ ಒಂದು ಮನೆ, ಅರ್ಥಕ್ಕೆ ಇನ್ನೊಂದು ಮನೆ ಇದೆ. ನಿಮ್ಮ ಶಾಲೆಯಲ್ಲಿ ಮನೆಮಾತು ಬೇರೆಯಾಗಿರುವ ಮಕ್ಕಳಿದ್ದರೆ ಈ ಎರಡನ್ನೂ ಬೇರೆ ಬೇರೆಯಾಗಿ ಗುರುತಿಸುವುದನ್ನು ಮರೆಯಬೇಡಿ.

ಉತ್ತರ: ಎಸ್‌ಡಿಎಂಸಿ ಸದಸ್ಯೆ, ಹಾಸನ ಜಿಲ್ಲೆ

ನಾನು ಶಿಕ್ಷಕಿಯಲ್ಲ, ನಮ್ಮೂರಿನ ಶಾಲೆಯ ಇಬ್ಬರು ಮಕ್ಕಳ ತಾಯಿ. ನಿಮ್ಮ ಸಭೆಯಲ್ಲಿ ಪ್ರಶ್ನೆ ಕೇಳಿದ ಆ ತಾಯಿಯ ಜಾಗದಲ್ಲಿ ನಿಂತು ಒಂದೆರಡು ಮಾತು ಬರೆಯುತ್ತಿದ್ದೇನೆ.

ನಮ್ಮ ರಾಜ್ಯದಲ್ಲಿ ಎಸ್‌ಡಿಎಂಸಿ ರಚನೆಯಾದದ್ದು 2001ರಲ್ಲಿ, ಶಿಕ್ಷಣ ಹಕ್ಕು ಕಾಯ್ದೆ ಬರುವುದಕ್ಕೂ ಮೊದಲು. ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು, ಶಾಲೆಯ ಕೆಲಸವನ್ನು ನೋಡಿಕೊಳ್ಳುವುದು, ಅಭಿವೃದ್ಧಿ ಯೋಜನೆ ಸಿದ್ಧಪಡಿಸುವುದು, ಅನುದಾನದ ಬಳಕೆಯನ್ನು ಗಮನಿಸುವುದು ಆ ಸಮಿತಿಯ ಕೆಲಸ ಎಂದು ಆಮೇಲೆ ಬಂದ ಕಾಯ್ದೆ ಹೇಳುತ್ತದೆ. ಸಮಿತಿಯ ಹೆಸರಿನಲ್ಲಿಯೇ ಮೇಲುಸ್ತುವಾರಿ ಎಂಬ ಮಾತಿದೆ. ಆದರೆ ನಾನು ಹೋದ ಮೊದಲ ಮೂರು ಸಭೆಗಳಲ್ಲಿ ನಡಾವಳಿ ಪುಸ್ತಕಕ್ಕೆ ಸಹಿ ಹಾಕಿದ್ದನ್ನು ಬಿಟ್ಟು ನಾನು ಬೇರೇನೂ ಮಾಡಲಿಲ್ಲ. ಸಭೆ ಬೆಳಗ್ಗೆ 11 ಗಂಟೆಗೆ ಇರುತ್ತಿತ್ತು. ಕೂಲಿಗೆ ಹೋಗುವ ತಾಯಂದಿರು ಒಂದು ದಿನದ ಸಂಬಳ ಬಿಟ್ಟು ಬರಬೇಕಿತ್ತು, ಬಂದವರಿಗೂ ಓದಿ ಹೇಳಿದ ಅಂಕಿಗಳು ತಿಳಿಯುತ್ತಿರಲಿಲ್ಲ. ಸಭೆಯನ್ನು ಶನಿವಾರ ಸಂಜೆಗೆ ಬದಲಿಸಿದ ಮೇಲೆ ಬರುವವರು ಹೆಚ್ಚಾದರು. ಮುಖ್ಯಶಿಕ್ಷಕರು ಶೇಕಡಾವಾರು ಓದುವುದನ್ನು ಬಿಟ್ಟು, "ಮೂರನೆಯ ತರಗತಿಯಲ್ಲಿ ಆರು ಮಕ್ಕಳಿದ್ದಾರೆ, ನಾಲ್ವರು ಕಥೆ ಓದುತ್ತಾರೆ, ಇಬ್ಬರು ಇನ್ನೂ ಪದಗಳಲ್ಲಿದ್ದಾರೆ" ಎಂದು ಹೇಳತೊಡಗಿದ ದಿನ ನಮ್ಮಲ್ಲಿ ಮೊದಲ ಬಾರಿ ಮಾತು ಹುಟ್ಟಿತು.

ಒಂದು ಎಚ್ಚರಿಕೆ. ಆ ಇಬ್ಬರು ಯಾರು ಎಂಬುದನ್ನು ಸಭೆಯಲ್ಲಿ ಹೇಳಬೇಡಿ. ಸಣ್ಣ ಊರಿನಲ್ಲಿ ಮಾತು ಬಾವಿಕಟ್ಟೆಗೆ ಮುಟ್ಟಲು ಒಂದು ಗಂಟೆ ಬೇಡ. ಒಮ್ಮೆ ನಮ್ಮಲ್ಲಿ ಒಬ್ಬ ಹುಡುಗನನ್ನು ಎಲ್ಲರೆದುರು ಓದಿಸಿದರು. ಅವನು ತಡವರಿಸಿದ, ನಾಲ್ಕು ದಿನ ಶಾಲೆಗೆ ಬರಲಿಲ್ಲ. ಆ ಮಾತು ತಂದೆ ತಾಯಿಯ ಕಿವಿಗೆ ಮಾತ್ರ, ಮನೆಗೆ ಹೋಗಿ ಹೇಳುವಂಥದ್ದು.

ಅಡುಗೆಯವರನ್ನು ಕೇಳುವುದನ್ನೂ ಮರೆಯಬೇಡಿ. ಯಾವ ಮಗು ಬೆಳಗ್ಗೆ ಏನೂ ತಿನ್ನದೆ ಬರುತ್ತದೆ, ಯಾವುದು ಎರಡು ದಿನಗಳಿಂದ ಸಪ್ಪಗಿದೆ ಎಂಬುದು ಎಲ್ಲರಿಗಿಂತ ಮೊದಲು ಅವರಿಗೆ ತಿಳಿದಿರುತ್ತದೆ. 2013ರಲ್ಲಿ ಕ್ಷೀರಭಾಗ್ಯ ಶುರುವಾದಾಗಿನಿಂದ ಬೆಳಗಿನ ಹಾಲು ಸಿಗುತ್ತಿದೆ. ಹಾಲು ಕುಡಿದ ಮೇಲೆ ಓದಿಸುತ್ತೀರೋ, ಅದಕ್ಕೆ ಮೊದಲೋ ಎಂಬುದನ್ನು ಒಮ್ಮೆ ನೋಡಿ. ಹಸಿದ ಮಗುವನ್ನು ಓದಿಸಿ ಕಾರ್ಯಕ್ರಮ ಫಲಿಸಲಿಲ್ಲ ಎಂದರೆ ಅದು ನ್ಯಾಯವಲ್ಲ.

ಪ್ರಶ್ನೆ ಕೇಳಿದವರು

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ನಿನ್ನೆ ಸಂಜೆ ಕಳೆದ ವರ್ಷದ ದಿನಚರಿ ತೆಗೆದು ಎಣಿಸಿದೆ. ಬೆಳಗಿನ ಓದು ನಡೆದದ್ದೆಂದು ಬರೆದಿರುವುದು 74 ದಿನ ಮಾತ್ರ. ವರ್ಷವಿಡೀ ಓದಿಸಿದ್ದೇನೆ ಎಂದೇ ನಾನು ನಂಬಿದ್ದೆ. ಉಳಿದ ದಿನಗಳನ್ನು ಸಭೆಗಳು, ತುರ್ತಾಗಿ ಕೇಳಿದ ಮಾಹಿತಿ, ನಮ್ಮಿಬ್ಬರಲ್ಲಿ ಒಬ್ಬರ ರಜೆ ಮತ್ತು ಮಳೆ ತೆಗೆದುಕೊಂಡಿವೆ.

ನನಗಿರುವ ಒಂದು ಅಳುಕನ್ನು ಮುಚ್ಚಿಡದೆ ಹೇಳುತ್ತೇನೆ. ಐದನೆಯ ತರಗತಿಯ ಮಗು ಪದದ ಮಟ್ಟದಲ್ಲಿದೆ ಎಂದು ನಾನೇ ಬರೆದಿಟ್ಟ ಹಾಳೆಯನ್ನು ಸಂದರ್ಶನಕ್ಕೆ ಬಂದವರು ನೋಡಿದರೆ, ಅದು ನನ್ನ ಸಹೋದ್ಯೋಗಿಯ ಮೇಲಿನ ಆಪಾದನೆಯಾಗಿ ತಿರುಗಬಹುದಲ್ಲವೇ? ಅವರು ಪ್ರಾಮಾಣಿಕರು, ಶ್ರಮಜೀವಿ.

ಉತ್ತರ: ನಿವೃತ್ತ ಸಮೂಹ ಸಂಪನ್ಮೂಲ ವ್ಯಕ್ತಿ

ನಿಮ್ಮ ಅಳುಕು ನಿರಾಧಾರವಲ್ಲ. ಅಳತೆಗೆ ಶಿಕ್ಷೆ ಅಂಟಿಕೊಂಡರೆ ಅಳತೆ ಸುಳ್ಳಾಗುತ್ತದೆ. ಎಲ್ಲ ಮಕ್ಕಳಿಗೂ 'ಎ' ಶ್ರೇಣಿ ಬಿದ್ದಿರುವ ಅಂಕವಹಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಆದರೆ ದಿನಾಂಕ ಹಾಕಿದ, ಒಂದರ ಹಿಂದೊಂದು ಬಂದ ಮೂರು ಹಾಳೆಗಳು ನಿಮ್ಮ ಕೈಯಲ್ಲಿದ್ದರೆ ಅವು ನಿಮ್ಮನ್ನು ರಕ್ಷಿಸುತ್ತವೆ. ಜುಲೈಯಲ್ಲಿ ಅಕ್ಷರದಲ್ಲಿದ್ದ ಮಗು ಸೆಪ್ಟೆಂಬರಿನಲ್ಲಿ ಪದಕ್ಕೆ ಬಂದಿದೆ ಎಂದು ತೋರಿಸುವ ಶಿಕ್ಷಕಿಯ ಬಳಿ ಹೇಳಲು ಒಂದು ಕಥೆಯಿರುತ್ತದೆ. ಸಂದರ್ಶನಕ್ಕೆ ಬಂದವರ ಮುಂದೆ ಆ ಹಾಳೆಯನ್ನು ನೀವಾಗಿಯೇ ಇಟ್ಟು, "ಈ ಇಬ್ಬರ ವಿಷಯದಲ್ಲಿ ನಮಗೆ ದಾರಿ ಕಾಣುತ್ತಿಲ್ಲ, ನೀವು ಒಂದು ಪಾಠ ಮಾಡಿ ತೋರಿಸಿ" ಎಂದು ಕೇಳಿ. ಹಾಗೆ ಕೇಳಿಸಿಕೊಂಡ ದಿನಗಳಲ್ಲಿ ನಾನು ಮಾಡಿದ ಕೆಲಸ ಬರೀ ವಹಿ ತಪಾಸಣೆ ಮಾಡಿದ ದಿನಗಳಿಗಿಂತ ಎಷ್ಟೋ ಮೇಲಾಗಿತ್ತು.

ಹಣದ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಸಮಗ್ರ ಶಿಕ್ಷಣ ಎಂಬ ಸರ್ಕಾರಿ ಯೋಜನೆಯ ಮಾನದಂಡದಂತೆ 30 ಮಕ್ಕಳವರೆಗಿನ ಶಾಲೆಗೆ ಸಂಯುಕ್ತ ಅನುದಾನ (ಶಾಲೆಯ ವಾರ್ಷಿಕ ಖರ್ಚಿನ ಹಣ) ವರ್ಷಕ್ಕೆ 10,000 ರೂಪಾಯಿ, ಪ್ರಾಥಮಿಕ ಶಾಲೆಯ ಗ್ರಂಥಾಲಯಕ್ಕೆ 5,000 ರೂಪಾಯಿಯವರೆಗೆ. ಗ್ರಂಥಾಲಯದ ಹಣದಲ್ಲಿ ದಪ್ಪ ಪುಸ್ತಕಗಳನ್ನು ಕೊಳ್ಳದೆ, ಓದಿಸಿ ನೋಡಿದ ಹಾಳೆಯನ್ನು ಮುಂದಿಟ್ಟುಕೊಂಡು, ಪದ ಮತ್ತು ಪ್ಯಾರಾ ಮಟ್ಟದ ಮಕ್ಕಳು ತಾವೇ ಓದಬಲ್ಲ ತೆಳು ಪುಸ್ತಕಗಳನ್ನು ಆರಿಸಿ.

ಪ್ರಶ್ನೆ ಕೇಳಿದವರು (ದಸರಾ ರಜೆಗೆ ಮೊದಲು)

ನಿಮ್ಮೆಲ್ಲರ ಮಾತಿನಂತೆ ಜುಲೈ ಕೊನೆಯ ವಾರದಲ್ಲಿ ಆರಂಭಿಸಿ ಎಂಟು ವಾರ ನಡೆಸಿದೆವು. ಫಲಿತಾಂಶವನ್ನು ತಿಳಿಸುವುದು ನನ್ನ ಕರ್ತವ್ಯ.

ನನ್ನ 9 ಮಕ್ಕಳಲ್ಲಿ ಮೊದಲ ಸಲ ಇಬ್ಬರು ಕಥೆ, ಮೂವರು ಪ್ಯಾರಾ, ಮೂವರು ಪದ, ಒಬ್ಬಳು ಅಕ್ಷರದ ಮಟ್ಟದಲ್ಲಿದ್ದರು. ಆ ಹಾಳೆಯನ್ನು ನೋಡಿ ಒಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ತಪ್ಪುಗಳನ್ನು ಗುರುತಿಸಿದಾಗ ಆರು ಮಕ್ಕಳು ಏತ್ವ ಮತ್ತು ಓತ್ವದ ದೀರ್ಘದಲ್ಲಿಯೇ ಎಡವುತ್ತಿದ್ದರು. ಅಲ್ಲಿಯವರೆಗೆ ಬೆಳಗಿನ ಅರ್ಧ ಗಂಟೆಯಲ್ಲಿ ಒಬ್ಬರು ಗಟ್ಟಿಯಾಗಿ ಓದುವುದು, ಉಳಿದವರು ಹಿಂಬಾಲಿಸುವುದು ನಡೆಯುತ್ತಿತ್ತು. ಹಿಂಬಾಲಿಸುತ್ತಿದ್ದವರು ಕಿವಿಯಿಂದ ಕೇಳಿ ಹೇಳುತ್ತಿದ್ದರು, ಕಣ್ಣು ಪುಸ್ತಕದ ಮೇಲಿರಲಿಲ್ಲ ಎಂಬುದು ಈಗ ಅರ್ಥವಾಗಿದೆ. ಅದನ್ನು ಬದಲಿಸಿ, ಮೊದಲ ಹತ್ತು ನಿಮಿಷ 'ಬೆಳೆ–ಬೇಳೆ', 'ಕೊಡು–ಕೋಡು', 'ತೆರು–ತೇರು' ಎಂಬ ಜೋಡಿಗಳನ್ನು ಮಿಂಚುಪಟ್ಟಿಯಲ್ಲಿ (ಪದ ಬರೆದು ತೋರಿಸುವ ಕಾರ್ಡು) ಓದಿಸಿ ಬರೆಸಿದೆ, ಉಳಿದ ಇಪ್ಪತ್ತು ನಿಮಿಷ ಇಬ್ಬಿಬ್ಬರು ಕುಳಿತು ತಮ್ಮ ಮಟ್ಟದ ಪುಸ್ತಕವನ್ನು ಪರಸ್ಪರ ಓದಿ ಹೇಳಿದರು. ಸಮಯವನ್ನು ಹಾಲು ಕುಡಿದ ನಂತರಕ್ಕೆ ಸರಿಸಿದೆವು. ಮಳೆಯ ರಜೆ ಕಳೆದು ಶಾಲೆ ನಡೆದ 41 ದಿನಗಳಲ್ಲಿ 33 ದಿನ ಕ್ಯಾಲೆಂಡರಿನಲ್ಲಿ ಗುರುತು ಬಿದ್ದಿದೆ.

ಕಳೆದ ವಾರ ನನ್ನ ಸಹೋದ್ಯೋಗಿ ಹೊಸ ಹಾಳೆಯಿಂದ ಓದಿಸಿದರು. ಈಗ ನಾಲ್ವರು ಕಥೆ, ಮೂವರು ಪ್ಯಾರಾ, ಇಬ್ಬರು ಪದದ ಮಟ್ಟದಲ್ಲಿದ್ದಾರೆ. ಅಕ್ಷರದಲ್ಲಿದ್ದ ಹುಡುಗಿ ಪದಗಳನ್ನು ಓದುತ್ತಾಳೆ. ಮೊದಲೇ ಕಥೆ ಓದುತ್ತಿದ್ದ ಇಬ್ಬರನ್ನು ಬಿಟ್ಟರೆ ಐವರು ಮುಂದೆ ಬಂದಿದ್ದಾರೆ, ಇಬ್ಬರು ನಿಂತಲ್ಲೇ ಇದ್ದಾರೆ. ಇದೆಲ್ಲ ಓದಿನ ಅವಧಿಯಿಂದಲೇ ಆಯಿತು ಎಂದು ನಾನು ಹೇಳಲಾರೆ, ಏಕೆಂದರೆ ಎಂಟು ವಾರದ ಉಳಿದ ಪಾಠಗಳೂ ನಡೆದಿವೆ. ಹಾಲಿನ ನಂತರಕ್ಕೆ ಸರಿಸಿದ್ದು ಮತ್ತು ವಿಧಾನ ಬದಲಿಸಿದ್ದು ಒಟ್ಟಿಗೇ ಆದದ್ದರಿಂದ ಯಾವುದು ಎಷ್ಟು ನೆರವಾಯಿತೆಂದೂ ಹೇಳಲಾರೆ. ಆದರೆ ದೀರ್ಘದ ತಪ್ಪು ಆರು ಮಕ್ಕಳಿಂದ ಇಬ್ಬರಿಗೆ ಇಳಿದಿರುವುದು ಹತ್ತು ನಿಮಿಷದ ಆ ಜೋಡಿ ಪದಗಳಿಂದಲೇ ಎಂದು ನನಗೆ ಅನ್ನಿಸುತ್ತದೆ.

ನಿಂತಲ್ಲೇ ಉಳಿದ ಇಬ್ಬರಲ್ಲಿ ಒಬ್ಬಳ ಮನೆ ಹಳ್ಳದ ಆಚೆ. ಎಂಟು ವಾರದಲ್ಲಿ ಅವಳು 19 ದಿನ ಬಂದಿಲ್ಲ. ಹಳ್ಳ ದಾಟುವ ಕಿರುಸೇತುವೆಯಾದ ಕಾಲುಸಂಕದ ವಿಷಯವನ್ನು ಎಸ್‌ಡಿಎಂಸಿ ಗ್ರಾಮ ಪಂಚಾಯಿತಿಯ ಮುಂದಿಟ್ಟಿದೆ. ಇನ್ನೊಬ್ಬ ದಿನವೂ ಬರುವ ಹುಡುಗ. ಅವನು ಸಾಲು ತಪ್ಪಿ ತಪ್ಪಿ ಓದುತ್ತಿದ್ದುದನ್ನು ನನ್ನ ಸಹೋದ್ಯೋಗಿಯೇ ಗಮನಿಸಿ ಕಣ್ಣಿನ ಅನುಮಾನ ವ್ಯಕ್ತಪಡಿಸಿದರು. ತಾಲ್ಲೂಕು ಆಸ್ಪತ್ರೆಯಲ್ಲಿ ಪರೀಕ್ಷಿಸಿ ಕನ್ನಡಕ ಬರೆದುಕೊಟ್ಟಿದ್ದಾರೆ. ಎರಡು ವರ್ಷ ಅವನನ್ನು ನಾನು ಓದಿನಲ್ಲಿ ಆಸಕ್ತಿಯಿಲ್ಲದವನೆಂದು ತಿಳಿದಿದ್ದೆ.

ಸಂಜೆಯ ಪರಿಹಾರ ಬೋಧನೆಯನ್ನು ನಿಲ್ಲಿಸಿದ್ದೇವೆ. ಅದು ಯಾರಿಗೆ ಬೇಕಿತ್ತೋ ಆ ಮಕ್ಕಳ ಮನೆಗಳೇ ಎಲ್ಲರಿಗಿಂತ ದೂರ, ಮಳೆಗಾಲದಲ್ಲಿ ಅವರು ನಾಲ್ಕು ಗಂಟೆಗೇ ಹೊರಡಬೇಕಾಗುತ್ತದೆ, ಹೀಗಾಗಿ ಹತ್ತಿರದ ಮನೆಯ, ಅದರ ಅಗತ್ಯವಿಲ್ಲದ ಮಕ್ಕಳು ಕೂರುತ್ತಿದ್ದರು. ಗಣಿತದ ಕಿಟ್ಟನ್ನು ನವೆಂಬರಿನಲ್ಲಿ ಕೈಗೆತ್ತಿಕೊಳ್ಳುತ್ತೇವೆ. ಅದಕ್ಕೂ ಮೊದಲು, ರಜೆ ಮುಗಿದ ಮೊದಲ ವಾರವೇ ಒಂಬತ್ತು ಮಕ್ಕಳನ್ನೂ ಮತ್ತೊಮ್ಮೆ ಓದಿಸಿ ನೋಡಿ, ರಜೆಯ ದಿನಗಳಲ್ಲಿ ಎಷ್ಟು ಉಳಿಯಿತು ಎಂಬುದನ್ನು ಇಲ್ಲಿಯೇ ಬರೆಯುತ್ತೇನೆ.